ಮಕ್ಕಳ ಪ್ರಸಾದ ಮುಗಿಯುವವರೆಗೆ: ಸಿದ್ಧಗಂಗೆಯ ಒಂದು ಮಧ್ಯಾಹ್ನ

2019ರ ಜನವರಿ 21, ಸೋಮವಾರ. ತುಮಕೂರು ನಗರಕ್ಕೆ ತಾಗಿಕೊಂಡಿರುವ ಕ್ಯಾತಸಂದ್ರದ ಸಿದ್ಧಗಂಗಾ ಮಠದಲ್ಲಿ ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದರು. ಅವರಿಗೆ 111 ವರ್ಷ ವಯಸ್ಸಾಗಿತ್ತು. ಚೆನ್ನೈನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ತುಮಕೂರಿಗೆ ಮರಳಿದ್ದ ಅವರನ್ನು ಕೊನೆಯ ದಿನಗಳಲ್ಲಿ ಮಠದಲ್ಲೇ ನೋಡಿಕೊಳ್ಳಲಾಗುತ್ತಿತ್ತು. ಹೊರಗೆ ಟಿ.ವಿ. ವಾಹನಗಳು ದಿನಗಟ್ಟಲೆ ಬೀಡುಬಿಟ್ಟಿದ್ದವು. ಸುದ್ದಿಗಾಗಿ ನಾಡೇ ಕಾಯುತ್ತಿತ್ತು ಎಂದರೂ ತಪ್ಪಾಗದು. ಆದರೂ ಸಾವಿನ ಘೋಷಣೆ ತಕ್ಷಣ ಹೊರಬೀಳಲಿಲ್ಲ. ಮಠದಲ್ಲಿದ್ದು ಓದುವ ಎಂಟು–ಹತ್ತು ಸಾವಿರ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲಷ್ಟೇ ಅದನ್ನು ತಿಳಿಸಲಾಯಿತು. ಮಕ್ಕಳು ಉಣ್ಣುವ ಮುನ್ನ ತಮ್ಮ ಸಾವಿನ ಸುದ್ದಿ ಹೇಳಬಾರದೆಂಬುದು ಹಿರಿಯ ಶ್ರೀಗಳದೇ ಇಚ್ಛೆಯಾಗಿತ್ತೆಂದು ಮಠ ಹೇಳಿತು, ಪತ್ರಿಕೆಗಳೂ ಬರೆದವು.

ಧಾರ್ಮಿಕ ಶಾಲೆಗಳಲ್ಲಿ ಕೃತಜ್ಞತೆಯನ್ನು ಹೇಗೆ ಕಲಿಸಬೇಕು, ಮಕ್ಕಳನ್ನು ಇದ್ದ ಗಳಿಗೆಯಲ್ಲಿ ಮನಸ್ಸಿಟ್ಟು ಇರುವಂತೆ ಹೇಗೆ ಬೆಳೆಸಬೇಕು ಎಂಬ ಚರ್ಚೆಗಳು ಈಗ ಬಹಳ ನಡೆಯುತ್ತವೆ. ಕಾರ್ಯಾಗಾರಗಳಿವೆ, ಕೈಪಿಡಿಗಳಿವೆ. ಆ ಚರ್ಚೆಗೆ ಒಂದು ಪ್ರಕರಣ ಬೇಕಾದರೆ ನಾನು ಈ ಮಧ್ಯಾಹ್ನವನ್ನು ಮುಂದಿಡುತ್ತೇನೆ. ಕಾರಣ ಸರಳ. ಒಂದು ಸಂಸ್ಥೆ ಏನನ್ನು ನಂಬುತ್ತದೆ ಎಂಬುದು ಅದರ ಪ್ರಾರ್ಥನೆಯ ಪಠ್ಯಕ್ಕಿಂತ, ಅತ್ಯಂತ ಗಲಿಬಿಲಿಯ ದಿನ ಅದು ಯಾವುದನ್ನು ಮೊದಲು ಮಾಡುತ್ತದೆ ಎಂಬುದರಲ್ಲಿ ಕಾಣುತ್ತದೆ.

ಮಠ, ಶಾಲೆ, ಒಲೆ

ಮಠದ ಪರಂಪರೆ ಹದಿನೈದನೆಯ ಶತಮಾನದ ಗೋಸಲ ಸಿದ್ಧೇಶ್ವರರವರೆಗೆ ಹಿಂದಕ್ಕೆ ಹೋಗುತ್ತದೆ. ಬೆಟ್ಟದ ಬಂಡೆಯಲ್ಲಿ ಗಂಗೆ ಚಿಮ್ಮಿದ ಕಥೆ ಆ ಭಾಗದ ಎಲ್ಲರಿಗೂ ಗೊತ್ತು. ಆದರೆ ನಮ್ಮ ಪ್ರಕರಣಕ್ಕೆ ಬೇಕಾದ ಇತಿಹಾಸ ಶುರುವಾಗುವುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಅಟವೀ ಸ್ವಾಮಿಗಳು ಹಚ್ಚಿದ ದಾಸೋಹದ ಒಲೆ ಇಂದಿಗೂ ಆರಿಲ್ಲವೆಂದು ಭಕ್ತರು ನಂಬುತ್ತಾರೆ. ಅವರ ನಂತರ ಬಂದ ಉದ್ಧಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಪಾಠಶಾಲೆಯ ಬೆನ್ನಿಗೇ ಬಡ ಹುಡುಗರಿಗೆ ವಸತಿ ಮತ್ತು ಊಟ. ಅನ್ನ, ಅಕ್ಷರ, ಆಶ್ರಯ ಎಂದು ಇವತ್ತು ಫಲಕಗಳ ಮೇಲೆ ಬರೆಯುವ ತ್ರಿವಿಧ ದಾಸೋಹದ ಬೇರು ಅಲ್ಲಿದೆ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಶಿವಣ್ಣ ಎಂಬ ಹುಡುಗ ಸ್ವಲ್ಪ ಕಾಲ ಇದೇ ಮಠದಲ್ಲಿದ್ದು ಓದಿದವನು. ನಾಗವಲ್ಲಿಯ ಪ್ರೌಢಶಾಲೆ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ, 1930ರಲ್ಲಿ, ಮಠದ ಉತ್ತರಾಧಿಕಾರಿಯಾಗಬೇಕಿದ್ದ ಮರುಳಾರಾಧ್ಯರು ಲಿಂಗೈಕ್ಯರಾದರು. ಅವರ ಅಂತ್ಯಕ್ರಿಯೆಗೆ ಬಂದಿದ್ದ ಈ ವಿದ್ಯಾರ್ಥಿಯನ್ನೇ ಉದ್ಧಾನ ಶಿವಯೋಗಿಗಳು ಆರಿಸಿಕೊಂಡರು. 1941ರಲ್ಲಿ ಗುರುಗಳು ತೀರಿಕೊಂಡಾಗ ಮಠದ ಹೊಣೆ ಪೂರ್ತಿಯಾಗಿ ಇವರ ಹೆಗಲೇರಿತು. ಅಲ್ಲಿಂದ ಎಪ್ಪತ್ತೆಂಟು ವರ್ಷ.

ಕಾವಿ ತೊಟ್ಟದ್ದೂ ಹೊಣೆ ಹೊತ್ತದ್ದೂ ಎರಡೂ ಸಾವಿನ ಸಂದರ್ಭಗಳಲ್ಲೇ. ಮಠದಲ್ಲಿ ಸಾವೆಂದರೆ ಮರುದಿನದ ಕೆಲಸ ಯಾರ ಪಾಲಿಗೆ ಎಂಬ ಪ್ರಶ್ನೆಯೂ ಹೌದು ಎಂಬುದು ಅವರಿಗೆ ಇಪ್ಪತ್ತಮೂರನೆಯ ವಯಸ್ಸಿನಲ್ಲೇ ತಿಳಿದಿತ್ತು. ತಮ್ಮ ಉತ್ತರಾಧಿಕಾರಿಯನ್ನು ಅವರು 1988ರಲ್ಲೇ ಗೊತ್ತುಮಾಡಿದ್ದರ ಹಿಂದೆ ಈ ತಿಳಿವಳಿಕೆ ಇದ್ದಿರಬೇಕು.

ಅವರು ಹೊಣೆ ಹೊತ್ತಾಗ ಮಠಕ್ಕೆ ಆಸ್ತಿಯ ಬಲವಿರಲಿಲ್ಲ. ಊರೂರು ತಿರುಗಿ ಭಿಕ್ಷೆ ಎತ್ತಿದರು. ರಾಗಿ, ಅಕ್ಕಿ, ಬೇಳೆ, ತೆಂಗಿನಕಾಯಿ, ಸೌದೆ: ಯಾರಲ್ಲಿ ಏನಿತ್ತೋ ಅದು ಎತ್ತಿನ ಗಾಡಿ ಏರಿತು. ತುಮಕೂರು ಸೀಮೆಯ ರೈತರಲ್ಲಿ ಸುಗ್ಗಿಯ ಒಂದು ಪಾಲನ್ನು ಮಠಕ್ಕೆ ಕೊಡುವ ರೂಢಿ ಬೇರೂರಿತು. ಆ ಮನೆಗಳದೇ ಮಕ್ಕಳು ಹಾಸ್ಟೆಲ್ಲಿಗೆ ಸೇರಿದರು. ಜಾತಿ, ಧರ್ಮ ಕೇಳದೆ ಸೇರಿಸಿಕೊಳ್ಳುವುದು ಇಲ್ಲಿನ ಪದ್ಧತಿ. ಲಿಂಗಾಯತ ಮಠವೊಂದರಲ್ಲಿ ಮುಸ್ಲಿಂ ಹುಡುಗರೂ ದಲಿತ ಹುಡುಗರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಇಂದು ದೊಡ್ಡ ವಿಷಯವಾಗಿ ಕಾಣದಿರಬಹುದು. 1940ರ ದಶಕದ ಹಳೇ ಮೈಸೂರಿನಲ್ಲಿ ಅದು ಖಂಡಿತ ದೊಡ್ಡ ವಿಷಯವೇ ಆಗಿತ್ತು.

ಊಟ ಮೊದಲೋ, ಸುದ್ದಿ ಮೊದಲೋ

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಇದು ನಮ್ಮ ಊರುಗಳಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಮಾತು. ಅಕ್ಕಪಕ್ಕದವರು ಅನ್ನ ಸಾರು ತಂದು ಕೊಡುತ್ತಾರೆ, ಮಣ್ಣಾದ ಮೇಲೆ ಮಿಂದು ಉಣ್ಣುತ್ತಾರೆ. ಹನ್ನೊಂದೂ ಮುಕ್ಕಾಲಿಗೇ ಸುದ್ದಿ ಹಬ್ಬಿದ್ದರೆ ಆ ದಿನ ಅಡುಗೆ ಮನೆಯಲ್ಲಿ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಕೊಪ್ಪರಿಗೆಯ ಮುಂದೆ ನಿಂತವರು ಸೌಟು ಕೆಳಗಿಡುತ್ತಿದ್ದರು. ಮಕ್ಕಳು ತಟ್ಟೆ ಬಿಟ್ಟು ಓಡುತ್ತಿದ್ದರು. ಆಮೇಲೆ ಗಣ್ಯರ ಕಾರುಗಳು, ಪೊಲೀಸರ ಸರಪಳಿ, ಲಕ್ಷಾಂತರ ಜನರ ನೂಕುನುಗ್ಗಲು. ಆರೇಳು ವರ್ಷದ ಹುಡುಗನೊಬ್ಬನಿಗೆ ಮುಂದಿನ ತುತ್ತು ಎಷ್ಟು ಹೊತ್ತಿಗೆ ಸಿಗುತ್ತಿತ್ತೋ ಏನೋ.

ಶರಣರ ತತ್ವದ ಕಡೆಯಿಂದ ನೋಡಿದರೆ ಒಲೆ ಆರಿಸಲು ಕಾರಣವೇ ಇಲ್ಲ. ಲಿಂಗಾಯತ ಧರ್ಮ ಪಂಚಸೂತಕಗಳನ್ನು ಒಪ್ಪುವುದಿಲ್ಲ. ಹುಟ್ಟಿನ ಸೂತಕದಂತೆ ಸಾವಿನ ಸೂತಕವೂ ಅದಕ್ಕಿಲ್ಲ. ಆದರೆ ಶಾಸ್ತ್ರದಲ್ಲಿ ಇಲ್ಲವೆಂದ ಮಾತ್ರಕ್ಕೆ ದುಃಖ ಇಲ್ಲವಾಗುತ್ತದೆಯೇ? ತಂದೆಯಂತಿದ್ದವರು ಹೋದರೆಂದು ಗೊತ್ತಾದ ಮಗುವಿನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಸ್ವಾಮೀಜಿಯವರಿಗೆ ತತ್ವವೂ ಗೊತ್ತಿತ್ತು, ಮಗುವಿನ ಗಂಟಲೂ ಗೊತ್ತಿತ್ತು. ಅವರ ಸೂಚನೆ ಈ ಎರಡನೆಯದನ್ನು ಗಮನದಲ್ಲಿಟ್ಟುಕೊಂಡಿತ್ತು. ಗದ್ದುಗೆಯ ಅಲಂಕಾರ, ಮೆರವಣಿಗೆ, ಸ್ಮಾರಕಗಳ ಕಡೆಗೆ ಯೋಚನೆ ಹರಿಯಬಹುದಾದ ವಯಸ್ಸಿನಲ್ಲಿ, ಮನಸ್ಸು ಹನ್ನೆರಡೂವರೆಯ ಪಂಕ್ತಿಯಲ್ಲಿ ನಿಂತಿತ್ತು. ಇದ್ದಲ್ಲಿ ಇರುವುದೆಂದರೆ ಏನೆಂದು ಕೇಳಿದವರಿಗೆ ನಾನು ಕೊಡುವ ಉದಾಹರಣೆ ಇದು.

ಒಂದು ಆಕ್ಷೇಪವನ್ನು ಇಲ್ಲಿಯೇ ಎದುರಿಸಬೇಕು. ಸುದ್ದಿ ತಡೆಹಿಡಿಯುವುದು ಸುಳ್ಳಿಗೆ ಸಮವಲ್ಲವೇ? ತಮ್ಮ ಗುರು ಹೋದದ್ದನ್ನು ತಕ್ಷಣ ತಿಳಿಯುವ ಹಕ್ಕು ಆ ಮಕ್ಕಳಿಗಿರಲಿಲ್ಲವೇ? ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ದೂರದ ಊರಿನಿಂದ ಬಂದಿಳಿದ ಮಗಳಿಗೆ ಮೊದಲು ನೀರು ಕೊಡುತ್ತಾರೆ, ಕೂರಿಸುತ್ತಾರೆ, ಆಮೇಲೆ ಅಪ್ಪನ ಸುದ್ದಿ ಹೇಳುತ್ತಾರೆ. ಈ ಪದ್ಧತಿಯ ಹೆಸರಿನಲ್ಲಿ ಮಕ್ಕಳಿಂದ ದಿನಗಟ್ಟಲೆ, ವರ್ಷಗಟ್ಟಲೆ ಸತ್ಯ ಮುಚ್ಚಿಟ್ಟ ಮನೆಗಳೂ ಇವೆ; ಅದು ಕ್ರೌರ್ಯ. ಇಲ್ಲಿ ಎರಡು ವ್ಯತ್ಯಾಸಗಳಿವೆ. ತಡೆದದ್ದು ಒಂದು ಊಟದಷ್ಟು ಹೊತ್ತು ಮಾತ್ರ. ಹಾಗೆ ತಡೆಯಿರಿ ಎಂದವರು ಸಾಯುತ್ತಿದ್ದವರೇ. ಬದುಕಿರುವವರ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಅದಾಗಿರಲಿಲ್ಲ. ಈ ಎರಡೂ ಇಲ್ಲದ ಕಡೆ ಇದೇ ನಡೆಯನ್ನು ಮೆಚ್ಚಲು ನಾನು ಸಿದ್ಧನಿಲ್ಲ.

ಮರುದಿನ, ಜನವರಿ 22ರಂದು, ಕ್ರಿಯಾಸಮಾಧಿ ನಡೆಯಿತು. ಸರ್ಕಾರ ರಜೆ ಸಾರಿತು, ಮೂರು ದಿನಗಳ ಶೋಕಾಚರಣೆ ಘೋಷಿಸಿತು. ದರ್ಶನಕ್ಕೆ ಬಂದ ಲಕ್ಷಾಂತರ ಜನರಿಗೂ ಪ್ರಸಾದದ ವ್ಯವಸ್ಥೆ ಇತ್ತು. ಭಾರತರತ್ನ ಕೊಡಬೇಕೆಂಬ ಒತ್ತಾಯ ಆಗ ಜೋರಾಯಿತು, ಇನ್ನೂ ನಿಂತಿಲ್ಲ. ಪದ್ಮಭೂಷಣವೂ ಕರ್ನಾಟಕ ರತ್ನವೂ ಅವರಿಗೆ ಆಗಲೇ ಸಂದಿದ್ದವು. ನಾಡಿನ ಕೃತಜ್ಞತೆ ಪದೇ ಪದೇ ಪದಕದ ಆಕಾರವನ್ನೇ ತಾಳುವುದೇಕೋ ನನಗೆ ತಿಳಿಯದು. ಜನವರಿ 21ನ್ನು ದಾಸೋಹ ದಿನವೆಂದು ಸರ್ಕಾರ ಆಮೇಲೆ ಘೋಷಿಸಿತಲ್ಲ, ಅದು ಮಾತ್ರ ವಿಷಯಕ್ಕೆ ಹತ್ತಿರವಾಗಿದೆ.

ದಿನಚರಿ ಏನು ಕಲಿಸುತ್ತದೆ

ಒಂದು ದಿನದ ನಡೆ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಆ ಮಧ್ಯಾಹ್ನ ಪಂಕ್ತಿ ಕದಲದೆ ನಡೆದದ್ದಕ್ಕೆ ಅದು ದಿನವೂ ಹಾಗೆಯೇ ನಡೆಯುತ್ತಿತ್ತು ಎಂಬುದು ಮೊದಲ ಕಾರಣ.

ಸಿದ್ಧಗಂಗೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಸಾಮೂಹಿಕ ಪ್ರಾರ್ಥನೆ ಇದೆ. ಬಿಳಿ ಬಟ್ಟೆ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡ ಸಾವಿರಾರು ಹುಡುಗರು ಬಯಲಿನಲ್ಲಿ ಸಾಲುಸಾಲಾಗಿ ಕೂತು ಶ್ಲೋಕ, ವಚನಗಳನ್ನು ಒಕ್ಕೊರಲಿನಿಂದ ಹೇಳುವುದನ್ನು ನೋಡಲೆಂದೇ ಜನ ಬರುತ್ತಾರೆ. ಸ್ವಾಮೀಜಿಯವರು ಇಳಿವಯಸ್ಸಿನಲ್ಲೂ ಅಲ್ಲಿ ಬಂದು ಕೂರುತ್ತಿದ್ದರು. ಹೆಚ್ಚಿನ ಬರಹಗಳು ಇಲ್ಲಿಗೇ ನಿಂತು ಬೆರಗುಪಡುತ್ತವೆ. ನನ್ನ ಕಣ್ಣಿಗೆ ಪ್ರಾರ್ಥನೆ ಈ ದಿನಚರಿಯ ಅರ್ಧ ಭಾಗ ಮಾತ್ರ, ಅದೂ ಸುಲಭದ ಅರ್ಧ. ಉಳಿದರ್ಧ ಪ್ರಸಾದ ನಿಲಯದಲ್ಲಿದೆ.

ಅಲ್ಲಿ ಊಟಕ್ಕೆ ಊಟ ಎನ್ನುವುದಿಲ್ಲ, ಪ್ರಸಾದ ಎನ್ನುತ್ತಾರೆ. ಮುದ್ದೆ, ಅನ್ನ, ಸಾರು. ಬೆಳಿಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ. ರುಚಿಗಿಂತ ಹೊಟ್ಟೆಗೆ ಆಗುವಂಥದ್ದು. ಪ್ರಸಾದವಾದ್ದರಿಂದ ಚೆಲ್ಲುವಂತಿಲ್ಲ. ಬೇಕಾದಷ್ಟು ಹಾಕಿಸಿಕೊ, ಹಾಕಿಸಿಕೊಂಡದ್ದನ್ನು ಬಿಡಬೇಡ. ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ಬೆಳೆದವರಿಗೆ ಈ ಶಿಸ್ತಿನ ಮೂಲ ಗೊತ್ತಾಗುತ್ತದೆ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಆಕೆ. ನಾಳೆಗೆಂದು ಕೂಡಿಡುವವನು ಇವತ್ತಿನ ತುತ್ತಿನಲ್ಲಿ ಇರುವುದಿಲ್ಲ ಎಂಬುದು ಆ ಕಥೆಯ ಒಳತಿರುಳು.

ಇನ್ನು ತಟ್ಟೆ ತೊಳೆಯುವುದು, ಬಡಿಸಲು ಕೈಜೋಡಿಸುವುದು, ತಾನು ಮಲಗುವ ಜಾಗವನ್ನು ತಾನೇ ಚೊಕ್ಕಟ ಮಾಡುವುದು. ಕಾಯಕವೆಂಬ ದೊಡ್ಡ ಮಾತು ಏಳು ವರ್ಷದ ಹುಡುಗನಿಗೆ ಪರಿಚಯವಾಗುವುದು ಈ ಚಿಕ್ಕ ಕೆಲಸಗಳಲ್ಲಿ. ನೂರು ಮಕ್ಕಳಿಗೆ ಸಾರು ಬಡಿಸಿದ ಹುಡುಗನಿಗೆ ಸಾರು ಎಲ್ಲಿಂದ ಬರುತ್ತದೆಂದು ನೀತಿಪಾಠ ಮಾಡಬೇಕಾಗಿಲ್ಲ.

ಗಮನವನ್ನು ಒಂದೆಡೆ ನಿಲ್ಲಿಸುವ ಅಭ್ಯಾಸಕ್ಕೂ ಈ ಪರಂಪರೆಯಲ್ಲಿ ತನ್ನದೇ ದಾರಿ ಇದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟು ಕೂರುವುದು. ಸ್ವಾಮೀಜಿಯವರು ನಸುಕಿಗೂ ಮುಂಚೆ ಎದ್ದು ಪೂಜೆಗೆ ಕೂರುತ್ತಿದ್ದರು. ಅದಾದ ಮೇಲೆ ದಿನವಿಡೀ ಬಂದವರ ಅಹವಾಲು. ಹೊಸ ವರ್ಷದ ದಾಖಲಾತಿಯ ಸಮಯದಲ್ಲಿ ಮಕ್ಕಳನ್ನು ಕರೆದುಕೊಂಡು ಬಂದ ತಂದೆತಾಯಿಗಳ ಸಾಲು ಅವರ ಮುಂದೆಯೇ ಸಾಗುತ್ತಿತ್ತು. "ಬುದ್ಧಿ" ಎಂದು ಕೈಮುಗಿದು ನಿಂತವರಿಗೆ ಅವರು ಸಿಗುತ್ತಿದ್ದರು ಎಂಬುದೇ ಹಳೆಯ ವಿದ್ಯಾರ್ಥಿಗಳು ಅವರ ಬಗ್ಗೆ ಹೆಚ್ಚಾಗಿ ಹೇಳುವ ಮಾತು. ಅಂಗೈ ನೋಡಿ ಪಳಗಿದ ಕಣ್ಣು ಎದುರಿಗಿರುವ ಮುಖವನ್ನೂ ಅಷ್ಟೇ ಹೊತ್ತು ನೋಡಬಲ್ಲದು ಎಂದು ನಾನು ತಿಳಿದಿದ್ದೇನೆ.

ಈ ವಿಷಯದಲ್ಲಿ ಆಧುನಿಕ ಸಂಶೋಧನೆಯೂ ಇದೆ. ಅಮೆರಿಕದ ಜೆಫ್ರಿ ಫ್ರೋ, ರಾಬರ್ಟ್ ಎಮನ್ಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಧ್ಯಮಿಕ ಶಾಲೆಯ 221 ಮಕ್ಕಳನ್ನು ಗುಂಪುಗಳಾಗಿಸಿ, ಒಂದು ಗುಂಪಿಗೆ ಎರಡು ವಾರ ದಿನವೂ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆಯಲು ಹೇಳಿದರು. ಕಿರಿಕಿರಿಗಳನ್ನು ಬರೆದ ಗುಂಪಿಗಿಂತ ಈ ಮಕ್ಕಳಲ್ಲಿ ಆಶಾಭಾವವೂ ಬದುಕಿನ ಬಗ್ಗೆ ಸಮಾಧಾನವೂ ಹೆಚ್ಚಾಗಿ ಕಂಡಿತು, ಶಾಲೆಯ ಬಗೆಗಿನ ತೃಪ್ತಿ ಕೂಡ. ಬೆಂಗಳೂರಿನ ಅನೇಕ ಶಾಲೆಗಳಲ್ಲಿ ಈಗ ಕಾಣುವ ಕೃತಜ್ಞತಾ ಡೈರಿಗಳಿಗೆ ಇಂತಹ ಅಧ್ಯಯನಗಳೇ ಸ್ಫೂರ್ತಿ. ತಪ್ಪೇನಿಲ್ಲ. ಆದರೆ ಡೈರಿಯಲ್ಲಿ ಮಗು ತನಗೆ ಸಿಕ್ಕಿದ್ದನ್ನು ತಾನೇ ಎಣಿಸುತ್ತದೆ. ಪಂಕ್ತಿಯಲ್ಲಿ ಪಕ್ಕದವನ ತಟ್ಟೆಗೆ ಬಿತ್ತೋ ಇಲ್ಲವೋ ನೋಡುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ.

ಸಂಕೋಚದ ಸಂಗತಿಗಳು

ಈ ಪ್ರಕರಣವನ್ನು ಬರೀ ಹೊಗಳಿ ಮುಗಿಸುವುದು ಸುಲಭ. ಆದರೆ ಕಷ್ಟದ ಪ್ರಶ್ನೆಗಳು ಉಳಿಯುತ್ತವೆ.

ಉಚಿತವಾಗಿ ಉಂಡವನ ಕೃತಜ್ಞತೆ ಯಾವಾಗ ಋಣಭಾರವಾಗುತ್ತದೆ? ಅನಾಥಾಲಯಗಳಲ್ಲಿ, ಉಚಿತ ಹಾಸ್ಟೆಲ್‌ಗಳಲ್ಲಿ ಹುಟ್ಟುಹಬ್ಬದ ಊಟ ಹಾಕಿಸಲು ಬರುವ ದಾನಿಗಳನ್ನು ನೋಡಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಕೇಕು ಕತ್ತರಿಸುವವರು ಯಾರೋ, ಚಪ್ಪಾಳೆ ತಟ್ಟಬೇಕಾದವರು ಯಾರೋ. ತಟ್ಟೆ ಹಿಡಿದ ಮಗು ಫೋಟೋಗೆ ನಗಬೇಕು. ಆ ಧನ್ಯವಾದ ಮಗುವಿನಿಂದ ವಸೂಲಿ ಮಾಡಿದ್ದು, ಕಲಿಸಿದ್ದಲ್ಲ. ದಾಸೋಹದ ಕಲ್ಪನೆ ಇದನ್ನು ತಪ್ಪಿಸಲೆಂದೇ ಹುಟ್ಟಿದೆ. ಕೊಡುವವನು ದಾಸ, ಉಣ್ಣುವವನು ಜಂಗಮ ಎಂದಾಗ ದಾನದ ಏಣಿ ತಲೆಕೆಳಗಾಗುತ್ತದೆ. ಅದಕ್ಕೂ ಮಿಗಿಲಾಗಿ, ಹತ್ತಾರು ಊರುಗಳ ರಾಗಿಯೂ ಅಕ್ಕಿಯೂ ಒಂದೇ ಉಗ್ರಾಣದಲ್ಲಿ ಬೆರೆತ ಮೇಲೆ ಇದು ಇಂಥವರ ಋಣವೆಂದು ಯಾವ ಮಗುವಿಗೂ ಬೆರಳು ತೋರಿಸಲಾಗದು. ಸಂಸ್ಥೆ ದೊಡ್ಡದಾಗಿ, ದೊಡ್ಡ ದಾನಿಗಳೂ ಅಧಿಕಾರದಲ್ಲಿರುವವರೂ ಎಡತಾಕುವ ಜಾಗವಾದಾಗ ಈ ಅನಾಮಿಕತೆ ಉಳಿಸಿಕೊಳ್ಳುವುದು ಕಷ್ಟ. ಚುನಾವಣೆ ಬಂತೆಂದರೆ ಎಲ್ಲ ಪಕ್ಷಗಳ ನಾಯಕರೂ ಮಠಗಳ ದಾರಿ ಹಿಡಿಯುವ ನಾಡು ನಮ್ಮದು. ಸಿದ್ಧಗಂಗೆಯೂ ಅದಕ್ಕೆ ಹೊರತಲ್ಲ.

ಎರಡನೆಯದು, ಕಡ್ಡಾಯ. ದಿನಕ್ಕೆ ಎರಡು ಬಾರಿ ಎಲ್ಲರೂ ಕೂತು ಹೇಳಲೇಬೇಕಾದ ಪ್ರಾರ್ಥನೆಯಿಂದ ಕೃತಜ್ಞತೆ ಹುಟ್ಟುತ್ತದೆಯೋ, ಬಾಯಿಪಾಠ ಹುಟ್ಟುತ್ತದೆಯೋ? ಎರಡೂ ಹುಟ್ಟುತ್ತವೆ, ಯಾರಲ್ಲಿ ಯಾವುದು ಎಂದು ಇಪ್ಪತ್ತು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ. ಅನ್ಯಧರ್ಮದ ಮನೆಯಿಂದ ಬಂದ ಹುಡುಗನ ಮಟ್ಟಿಗೆ ಪ್ರಶ್ನೆ ಇನ್ನೂ ನವಿರು. ಸಂವಿಧಾನದ 28ನೇ ವಿಧಿಯ ಮೂರನೇ ಖಂಡದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾರನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಒತ್ತಾಯಿಸುವಂತಿಲ್ಲ. ಅಪ್ರಾಪ್ತ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಊಟ, ಓದು ಎರಡಕ್ಕೂ ದಾರಿಯಿಲ್ಲದೆ ಬಂದ ಬಡ ತಂದೆಯ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದನ್ನು ಕಾನೂನು ಅಳೆಯಲಾರದು. ಮಠ, ಚರ್ಚು, ಮದರಸಾ, ಯಾರು ನಡೆಸುವ ಶಾಲೆಯಾದರೂ ಈ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳಬೇಕು.

ಮೂರನೆಯದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಆರೇಳು ವರ್ಷಕ್ಕೇ ಅಮ್ಮನನ್ನು ಬಿಟ್ಟು ಬಂದ ಮಗುವಿನ ದುಃಖ. ಕೃತಜ್ಞನಾಗಿರು ಎನ್ನುವ ವಾತಾವರಣದಲ್ಲಿ ನನಗೆ ಮನೆ ನೆನಪಾಗುತ್ತಿದೆ ಎಂದು ಅಳಲು ಜಾಗವಿದೆಯೇ? ಅಳುವುದೂ ಆ ಗಳಿಗೆಯಲ್ಲಿ ಇರುವುದೇ ತಾನೆ. ಸಾವಿರಾರು ಮಕ್ಕಳಿರುವ ಕಡೆ ಈ ಜಾಗವನ್ನು ದೊಡ್ಡ ಹುಡುಗರೂ ವಾರ್ಡನ್ನರೂ ಒದಗಿಸಬೇಕು. ಒಬ್ಬ ಸ್ವಾಮೀಜಿಯ ಕರುಣೆಯಿಂದ ಆಗುವ ಕೆಲಸ ಅದಲ್ಲ.

ಬೇರೆ ಶಾಲೆಯವರು ಕೇಳಿದರೆ

ಸಿದ್ಧಗಂಗೆಯ ಮಾದರಿ ಅಳವಡಿಸಿಕೊಳ್ಳುತ್ತೇವೆ ಎನ್ನುವವರು ಸಾಮಾನ್ಯವಾಗಿ ಪ್ರಾರ್ಥನೆಯಿಂದ ಶುರುಮಾಡುತ್ತಾರೆ. ಖರ್ಚಿಲ್ಲ, ವಿಡಿಯೋ ಚೆನ್ನಾಗಿ ಬರುತ್ತದೆ. ನನ್ನ ಸಲಹೆ ಅಡುಗೆ ಮನೆಯಿಂದ ಶುರುಮಾಡಿ ಎಂದು. ಇವತ್ತಿನ ಅಕ್ಕಿ ಯಾವ ಸೀಮೆಯದು, ಅಡುಗೆ ಮಾಡಿದವರ ಹೆಸರೇನು ಎಂದು ಹತ್ತನೇ ತರಗತಿಯವನಿಗೆ ಗೊತ್ತಿದೆಯೇ ವಿಚಾರಿಸಿ. ಗೊತ್ತಿಲ್ಲದಿದ್ದರೆ ಡೈರಿ ಹಂಚುವ ಮುನ್ನ ಅದನ್ನು ಸರಿಪಡಿಸಿ. ಮುಖ್ಯೋಪಾಧ್ಯಾಯರು ಮಕ್ಕಳ ಜೊತೆ, ಅದೇ ಅಡುಗೆಯನ್ನು, ಮೊಬೈಲ್ ಒಳಗಿಟ್ಟು ಉಣ್ಣಲಿ. ವಾರಕ್ಕೊಮ್ಮೆಯಾದರೂ ಶಿಕ್ಷಕರು ಬಡಿಸಲಿ. ಮಕ್ಕಳ ಉಪವಾಸದಲ್ಲಿ ಮುಗಿಯುವ ಕಾರ್ಯಕ್ರಮಗಳನ್ನು, ಅಂದರೆ ಮಂತ್ರಿಗಳು ತಡವಾಗಿ ಬಂದರೆಂದು ಬಿಸಿಲಿನಲ್ಲಿ ಸಾಲು ನಿಲ್ಲಿಸುವುದನ್ನು, ಮೊದಲು ನಿಲ್ಲಿಸಲಿ. ಒಂದು ಮಠ ತನ್ನ ಗುರುವಿನ ಸಾವಿಗಾಗಿಯೂ ಊಟ ತಪ್ಪಿಸಲಿಲ್ಲವಾದರೆ, ವಾರ್ಷಿಕೋತ್ಸವದ ಮುಖ್ಯ ಅತಿಥಿಗಾಗಿ ತಪ್ಪಿಸುವ ಅಗತ್ಯವೇನಿದೆ?

ರಾಜ್ಯ ಸರ್ಕಾರ 2002ರಲ್ಲಿ ಶುರುಮಾಡಿದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹ ಎಂದು ಹೆಸರಿಟ್ಟಿತು. ಇಂಥ ಮಠಗಳ ಅಡುಗೆ ಮನೆಗಳಲ್ಲಿ ಬೆಳೆದ ಕಲ್ಪನೆ ಹೀಗೆ ಸರ್ಕಾರಿ ಶಾಲೆಗಳಿಗೂ ಬಂತು, ಲಕ್ಷಾಂತರ ಮಕ್ಕಳ ಹೊಟ್ಟೆ ತುಂಬಿತು. ಆ ಅಡುಗೆ ಮಾಡುವ ಹೆಂಗಸರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನಲ್ಲಿ ಮತ್ತೆ ಮತ್ತೆ ಧರಣಿ ಕೂರುತ್ತಾರೆ. ಕೃತಜ್ಞತೆಯ ಪಾಠ ಯಾರಿಂದ ಆರಂಭವಾಗಬೇಕೆಂದು ಶಿಕ್ಷಣ ಇಲಾಖೆಯವರು ಕೇಳಿದರೆ, ನಾನು ಮೊದಲು ಆ ಧರಣಿಯ ಬೇಡಿಕೆ ಪಟ್ಟಿಯನ್ನು ಓದಲು ಹೇಳುತ್ತೇನೆ.